ಒಂದೇ ಗಾಡಿಯಲ್ಲಿ ಸ್ಪಿತಿಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಕಾರವಾರದಿಂದ ಭಟ್ಕಳದವರೆಗಿನ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರ, ಸಿದ್ದಾಪುರದ ಪ್ರವಾಸ ಗುಂಪುಗಳ ಮುಂದಾಳುಗಳಿಗೆ,

ನಮಸ್ಕಾರ.

ನನ್ನದು ಕುಮಟಾದಲ್ಲಿ ಒಂದು ಸಣ್ಣ ಮೆಡಿಕಲ್ ಶಾಪ್. ಏಪ್ರಿಲ್ ಅರ್ಧ ಕಳೆಯುತ್ತಿದ್ದಂತೆ ನಿಮ್ಮ ಗುಂಪಿನವರು ಒಬ್ಬೊಬ್ಬರಾಗಿ ಅಂಗಡಿಗೆ ಬರಲು ಶುರು ಮಾಡುತ್ತಾರೆ. "ಹಿಮಾಲಯಕ್ಕೆ ಹೋಗುವಾಗ ತಗೊಳ್ಳುವ ಮಾತ್ರೆ ಉಂಟಲ್ಲ, ಅದು ಎಲ್ಲರಿಗೂ ಆಗುವಷ್ಟು ಕೊಡಿ" ಅಂತಾರೆ. ಡಾಕ್ಟರ ಚೀಟಿ ತನ್ನಿ ಅಂದರೆ ಮುಖ ಸಣ್ಣದಾಗುತ್ತದೆ. ಒಬ್ಬರಂತೂ "ಪಕ್ಕದ ಅಂಗಡಿಯಲ್ಲಿ ಹೀಗೆಲ್ಲ ಕೇಳುವುದಿಲ್ಲ" ಎಂದು ಎದ್ದೇ ಹೋದರು. ಹೋಗಲಿ. ನನಗೆ ಚಿಂತೆ ಮಾತ್ರೆಯದ್ದಲ್ಲ. ಮಾತ್ರೆ ಕೇಳಲು ಬಂದವರು ಮೊಬೈಲ್ ತೆಗೆದು ತೋರಿಸುವ ಪ್ಲಾನಿನದ್ದು.

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗುವ ಆ ಪ್ಲಾನ್ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ. ದಿಲ್ಲಿಯಲ್ಲಿ ಕಾಯುತ್ತಿರುವ ಒಂದು ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ರಾತ್ರಿಯಿಡೀ ಓಡಿ ಬೆಳಿಗ್ಗೆ ಮನಾಲಿ. ಮರುದಿನ ಕುಂಜುಮ್ ಪಾಸ್ ದಾಟಿ ಸ್ಪಿತಿಯ ಮುಖ್ಯ ಊರು ಕಾಜಾ. ಅದರ ಮರುದಿನ ಬೆಳಿಗ್ಗೆ ಹಿಕ್ಕಿಂ, ಲಾಂಗ್ಜಾ, ಕೊಮಿಕ್. "ಜಗತ್ತಿನಲ್ಲೇ ಅತಿ ಎತ್ತರದ, ಗಾಡಿ ಹೋಗುವ ಹಳ್ಳಿ" ಎಂಬ ಬೋರ್ಡಿನ ಮುಂದೆ ಗುಂಪು ಫೋಟೊ. ಆಮೇಲೆ ಬಂದ ದಾರಿಯಲ್ಲೇ ವಾಪಸ್ಸು. ಹದಿನಾಲ್ಕು ಜನ, ಒಂದು ಗಾಡಿ, ತಲೆಗೆ ಇಷ್ಟು ದುಡ್ಡು.

ಆ "ಒಂದು ಗಾಡಿ" ಬೇಡ ಎನ್ನುವುದಕ್ಕೇ ಇಷ್ಟು ಉದ್ದದ ಪತ್ರ. ಏನಿದು, ಮೆಡಿಕಲ್ ಅಂಗಡಿಯವನು ಗಾಡಿಯ ಸುದ್ದಿ ಯಾಕೆ ಎತ್ತುತ್ತಾನೆ ಅಂತ ನಗಬೇಡಿ. ಸ್ವಲ್ಪ ಓದಿ.

ಮೊದಲು ನಾವು ಎಲ್ಲಿಂದ ಹೊರಡುತ್ತೇವೆ ನೋಡಿ. ಕಾರವಾರ, ಕುಮಟಾ ಎಲ್ಲ ಸಮುದ್ರದ ಮಟ್ಟದಲ್ಲೇ ಇವೆ. ಘಟ್ಟದ ಮೇಲಿನವರು ನಾವು ಎತ್ತರದವರು ಅಂತ ಹೇಳಿಕೊಳ್ಳಬಹುದು, ಆದರೆ ಶಿರಸಿ 600 ಮೀಟರಿನ ಆಸುಪಾಸು ಅಷ್ಟೇ. ಮನಾಲಿಯೇ 2,000 ಮೀಟರ್ ದಾಟುತ್ತದೆ. ಕಾಜಾ 3,700ರ ಹತ್ತಿರ. ನಡುವಿನ ಕುಂಜುಮ್ ಪಾಸ್ 4,500ಕ್ಕೂ ಮೇಲೆ. ಹಿಕ್ಕಿಂ ಸುಮಾರು 4,400. ಕೊಮಿಕ್ 4,587 ಮೀಟರ್ ಎಂದು ಬೋರ್ಡಿನಲ್ಲೇ ಬರೆದಿದ್ದಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಇಲ್ಲೂ ಒಂದೇ, ನೂರಕ್ಕೆ 21. ಆದರೆ ಎತ್ತರ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ. ಹಾಗಾಗಿ ಒಂದು ಉಸಿರಿಗೆ ಸಿಗುವುದು ಕಮ್ಮಿ. ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತು ಎಳೆದ ಉಸಿರಿನಲ್ಲಿ ನೂರು ಪಾಲು ಸಿಕ್ಕಿದರೆ, ಕೊಮಿಕ್‌ನಲ್ಲಿ ಸಿಗುವುದು ಸುಮಾರು 57.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಸಮಯ, ಅಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. ಬೆಟ್ಟದ ವೈದ್ಯರು ಹೇಳುವ ಲೆಕ್ಕ ಇದು. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ನಿಮ್ಮ ಪ್ಲಾನಿನಲ್ಲಿ ಮನಾಲಿಯಿಂದ ಕಾಜಾಕ್ಕೆ ಒಂದೇ ಜಿಗಿತ, 1,600 ಮೀಟರಿಗೂ ಜಾಸ್ತಿ. ಮನಾಲಿಗೆ ಬರುವ ರಾತ್ರಿ ಗಾಡಿಯಲ್ಲಿ ನಿದ್ದೆ ಕೆಟ್ಟದ್ದು ಬೇರೆ.

ಹೊಂದಿಕೊಳ್ಳದಿದ್ದರೆ ಶುರುವಾಗುವುದು ತಲೆನೋವಿನಿಂದ. ಹೋದ ಕೂಡಲೇ ಅಲ್ಲ, ಆರರಿಂದ ಹನ್ನೆರಡು ತಾಸು ಕಳೆದ ಮೇಲೆ. ಜೊತೆಗೆ ವಾಕರಿಕೆ, ಊಟ ಸೇರದಿರುವುದು, ಸುಸ್ತು, ತಲೆ ತಿರುಗುವುದು. ಇಲ್ಲಿಗೇ ನಿಂತರೆ ತೊಂದರೆ ಇಲ್ಲ. ಅಲ್ಲೇ ಒಂದು ದಿನ ಸುಮ್ನೆ ಬಿದ್ದುಕೊಂಡರೆ ಹೆಚ್ಚಿನವರಿಗೆ ತಾನಾಗಿಯೇ ಕಮ್ಮಿ ಆಗುತ್ತದೆ. ಆದರೆ ತಲೆನೋವಿನ ಮೇಲೇ ಇನ್ನೂ ಮೇಲೆ ಹೋದರೆ ಸಂಗತಿ ಬದಲಾಗುತ್ತದೆ. ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ. ಮಾತು ತೊದಲಿದರೆ, ನಡೆಯುವಾಗ ಓಲಾಡಿದರೆ ಮಿದುಳು ಊದಿಕೊಳ್ಳುತ್ತಿದೆ ಅಂತ. ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಗೆರೆ ಹಿಡಿದ ಹಾಗೆ ನಡೆಸಿ ನೋಡಿ, ಆಗದಿದ್ದರೆ ಮತ್ತೇನೂ ನೋಡಬೇಕಾಗಿಲ್ಲ. ಈ ಎರಡಕ್ಕೂ ಮದ್ದು ಒಂದೇ. ಕೆಳಗೆ ಇಳಿಸುವುದು. ಬೆಳಗಾಗಲಿ ಅಂತ ಕಾಯುವುದಲ್ಲ, ಆಗಲೇ ಇಳಿಸುವುದು.

ಇದು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಕುಮಟಾದಲ್ಲಿ ಕೂತು ಹೇಳಲು ಯಾರಿಂದಲೂ ಆಗುವುದಿಲ್ಲ. ಜಿಮ್ಮಿಗೂ ಇದಕ್ಕೂ ಸಂಬಂಧ ಇಲ್ಲ. ವಯಸ್ಸಿಗೂ ಅಷ್ಟಾಗಿ ಇಲ್ಲ. ಗಟ್ಟಿಮುಟ್ಟಾದ ಹುಡುಗರೇ ಜಾಸ್ತಿ ಸಿಕ್ಕಿಬೀಳುತ್ತಾರೆ ಅಂತ ನನ್ನ ಅನಿಸಿಕೆ, ಯಾಕೆಂದರೆ ಅವರು ಕೂರುವುದೇ ಇಲ್ಲ, ಓಡಾಡುತ್ತಲೇ ಇರುತ್ತಾರೆ.

ಈಗ ಗಾಡಿಯ ವಿಷಯ.

ಕೆಲವು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಗುಂಪಿನಲ್ಲಿ ಸೀಟು ಹಿಡಿದು ಹೋಗಿದ್ದೆ. ಟಿಟಿ, ಮನಾಲಿ ದಾರಿ, ಕಾಜಾ, ಎಲ್ಲ ಹೀಗೆಯೇ. ಗುಂಪಿನಲ್ಲಿ ಬೋಟಿನ ಕೆಲಸದ ಒಬ್ಬ ಹುಡುಗ ಇದ್ದ. ಅಲೆಯಲ್ಲಿ ಬೋಟು ಎಷ್ಟೇ ಹೊಯ್ದಾಡಿದರೂ ವಾಂತಿ ಅಂತ ಮಾಡಿದವನಲ್ಲ. ಕಾಜಾದಲ್ಲಿ ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಕೇಳಿದರೆ "ಗ್ಯಾಸ್ ಆಗಿದೆ ಅಣ್ಣ, ಏನಿಲ್ಲ" ಅಂದ. ಮರುದಿನ ಕೊಮಿಕ್‌ನಲ್ಲಿ ಎಲ್ಲರೂ ಬೋರ್ಡಿನ ಹತ್ತಿರ ನಿಂತಾಗ ಅವನು ಹಿಂದಿನ ಸೀಟಿನಲ್ಲಿ ಟೊಪ್ಪಿ ಮುಖಕ್ಕೆ ಎಳೆದುಕೊಂಡು ಕೂತಿದ್ದ. "ರಾತ್ರಿ ನಿದ್ದೆ ಆಗಿಲ್ಲ" ಅಂದ. ಆ ರಾತ್ರಿ ಲಾಂಗ್ಜಾದ ಒಂದು ಮನೆಯಲ್ಲಿ ಉಳಿಯುವ ವ್ಯವಸ್ಥೆ ಆಗಿತ್ತು. ಅಡುಗೆಮನೆಯ ಒಲೆಯ ಸುತ್ತ ನಾವೆಲ್ಲ ಹರಟುತ್ತಿದ್ದೆವು. ಅವನು ಹೊರಗೆ ಹೋಗಲು ಎದ್ದ. ಗೋಡೆ ಹಿಡಿದು ಹಿಡಿದು ನಡೆದ. ಮೊದಲು ಅದನ್ನು ಕಂಡದ್ದು ಆ ಮನೆಯ ಅಮ್ಮ. ಅವರು ನಮಗೆ ಹೇಳಲಿಲ್ಲ, ನೇರ ಡ್ರೈವರನ್ನು ಕರೆದು ಹೇಳಿದರು.

ಡ್ರೈವರ್ ಬಂದು "ಇವರನ್ನು ಈಗಲೇ ಕೆಳಗೆ ಒಯ್ಯಬೇಕು" ಅಂದ. ಗುಂಪಿನ ಮುಂದಾಳು "ಬೆಳಿಗ್ಗೆ ನೋಡೋಣ" ಅಂದರು. ಕತ್ತಲೆ, ರಸ್ತೆ ಸರಿ ಇಲ್ಲ, ಇದ್ದದ್ದು ಒಂದೇ ಗಾಡಿ, ಅದು ಹೋದರೆ ಉಳಿದವರ ಗತಿ ಏನು, ನಾಳೆ ಚಂದ್ರತಾಲ್ ಸರೋವರದ ಹತ್ತಿರ ಬುಕ್ ಆಗಿದೆ. ಹೀಗೆ ಮಾತು ಬೆಳೆಯಿತು. ಮಾತು ಮುಗಿಸಿದವನು ಡ್ರೈವರೇ. ಕೀಲಿ ತೆಗೆದುಕೊಂಡು ಗಾಡಿ ಶುರು ಮಾಡಿದ. ನಾನು, ಇನ್ನೊಬ್ಬರು, ಆ ಹುಡುಗ ಕೂತೆವು. ಕಾಜಾದ ಸರ್ಕಾರಿ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಬೆಳಿಗ್ಗೆ ಒಂದು ಲೋಕಲ್ ಟ್ಯಾಕ್ಸಿ ಹಿಡಿದು ಪಕ್ಕದ ಕಿನ್ನೌರ್ ಜಿಲ್ಲೆಯ ಕಡೆಗೆ ಇಳಿಸಿದೆವು. ಇಳಿಯುತ್ತ ಇಳಿಯುತ್ತ ಅವನು ಸರಿಯಾದ. ರಿಕಾಂಗ್ ಪಿಯೋದಲ್ಲಿ ಎರಡು ಪ್ಲೇಟ್ ಅನ್ನ ತಿಂದ.

ಅಲ್ಲಿ ಕೇಳಿದೆ, "ಮೊದಲೇ ಯಾಕೆ ಹೇಳಲಿಲ್ಲವೋ?"

"ನಾನು ಹೇಳಿದ್ದರೆ ಗಾಡಿ ತಿರುಗಬೇಕಿತ್ತಲ್ಲ ಅಣ್ಣ. ಎಲ್ಲರೂ ದುಡ್ಡು ಕೂಡಿಟ್ಟು ಬಂದವರು. ನನ್ನೊಬ್ಬನಿಂದ ಎಲ್ಲರ ಟ್ರಿಪ್ ಹಾಳು ಮಾಡುವುದಾ?"

ಅವನು ದಡ್ಡ ಅಲ್ಲ. ತನಗೆ ಏನೋ ಆಗುತ್ತಿದೆ ಅಂತ ಅವನಿಗೆ ಗೊತ್ತಿತ್ತು. ಒಂದೇ ಗಾಡಿ ಇದ್ದಾಗ ಕಾಯಿಲೆ ಬಿದ್ದವನ ಮುಂದೆ ಇರುವುದು ಎರಡೇ ದಾರಿ. ಎಲ್ಲರನ್ನೂ ಇಳಿಸಬೇಕು, ಇಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕು. ನಮ್ಮ ಕಡೆಯ ಮರ್ಯಾದಸ್ಥ ಹುಡುಗರು ಎರಡನೆಯದನ್ನೇ ಮಾಡುತ್ತಾರೆ. ಅದಕ್ಕೇ ಹೇಳುವುದು, ಸುಳ್ಳು ಹೇಳಿಸುವುದು ಹುಡುಗನ ಸ್ವಭಾವ ಅಲ್ಲ, ನಿಮ್ಮ ಬುಕಿಂಗ್.

ಹಾಗಾಗಿ ಒಂದು ಟಿಟಿಯ ಬದಲು ಎರಡು ಮೂರು ಸಣ್ಣ ಗಾಡಿ ಮಾಡಿ. ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ, ಗೊತ್ತು. ಮೊದಲಿನಿಂದಲೇ ಸಣ್ಣ ಗಾಡಿ ಆಗದಿದ್ದರೆ ಕಾಜಾದವರೆಗೆ ಟಿಟಿಯಲ್ಲಿ ಹೋಗಿ, ಅಲ್ಲಿಂದ ಮೇಲಿನ ಹಳ್ಳಿಗಳಿಗೆ ಕಾಜಾದ ಗಾಡಿಗಳನ್ನೇ ಹಿಡಿಯಿರಿ. ಆ ತಿರುವುಗಳು ಅವರಿಗೆ ಗೊತ್ತು, ದುಡ್ಡೂ ಅಲ್ಲೇ ಉಳಿಯುತ್ತದೆ, ಟಿಟಿ ಕೆಳಗೆ ಸಿದ್ಧವಾಗಿ ನಿಂತಿರುತ್ತದೆ. ಒಬ್ಬನಿಗೆ ಹುಷಾರು ತಪ್ಪಿದರೆ ಒಂದು ಗಾಡಿ ಇಳಿಯುತ್ತದೆ, ಉಳಿದವರು ಉಳಿಯುತ್ತಾರೆ. ಅವನಿಗೂ ಹೇಳಲು ಬಾಯಿ ಬರುತ್ತದೆ.

ಇನ್ನೂ ಒಂದು. ಯಾರು ಜೊತೆಗೆ ಇಳಿಯುತ್ತಾರೆ ಅಂತ ಊರಿನಲ್ಲೇ ಗೊತ್ತು ಮಾಡಿ. ಇಬ್ಬಿಬ್ಬರ ಜೋಡಿ ಮಾಡಿಬಿಡಿ. ಒಬ್ಬ ಇಳಿದರೆ ಇನ್ನೊಬ್ಬನೂ ಇಳಿಯುತ್ತಾನೆ, ಅದರಲ್ಲಿ ಚರ್ಚೆ ಇಲ್ಲ. ಇಳಿಯುವ ಖರ್ಚಿಗೆ ಎಲ್ಲರಿಂದಲೂ ಮೊದಲೇ ಸ್ವಲ್ಪ ದುಡ್ಡು ಎತ್ತಿ ಬೇರೆ ಇಡಿ. ಬಳಕೆ ಆಗದಿದ್ದರೆ ಊರಿಗೆ ಬಂದ ಮೇಲೆ ಹಂಚಿಕೊಳ್ಳಿ, ಇಲ್ಲ ಬಂಗುಡೆ ಊಟ ಮಾಡಿ. ಈ ದುಡ್ಡು ನಗದಾಗಿಯೇ ಇರಲಿ. ಕಾಜಾದಲ್ಲಿ ಎಟಿಎಂ ಇದೆ, ಆದರೆ ಅದನ್ನು ನಂಬಿ ಹೊರಡಬೇಡಿ.

ದಾರಿಯ ಬಗ್ಗೆಯೂ ಹೇಳಲೇಬೇಕು. ಸ್ಪಿತಿ ಕಣಿವೆ ಒಂದು ಬಟ್ಟಲು. ಮನಾಲಿ ಕಡೆಯಿಂದ ಹೋದವರು ಕುಂಜುಮ್ ಎಂಬ ಅಂಚನ್ನು ಹತ್ತಿ ಒಳಗೆ ಇಳಿಯುತ್ತಾರೆ. ಕಾಜಾದಲ್ಲಿ ಒಬ್ಬನಿಗೆ ಉಸಿರಾಟ ಕಷ್ಟ ಆಯಿತು ಅಂದುಕೊಳ್ಳಿ. ಮನಾಲಿಗೆ ಇಳಿಸಬೇಕಾದರೆ ಮೊದಲು ಅವನನ್ನು ಮತ್ತೆ 4,500 ಮೀಟರಿಗೆ ಹತ್ತಿಸಬೇಕು! ಯಾವ ಕಾರಣಕ್ಕೆ ಇಳಿಸುತ್ತೇವೋ ಅದನ್ನೇ ಮೊದಲು ಜಾಸ್ತಿ ಮಾಡಿದ ಹಾಗೆ. ಶಿಮ್ಲಾದಿಂದ ಬರುವ ಕಿನ್ನೌರ್ ದಾರಿಯಲ್ಲಿ ಹಾಗಿಲ್ಲ. ಸ್ಪಿತಿ ನದಿ ಹರಿಯುವ ದಿಕ್ಕಿನಲ್ಲೇ ರಸ್ತೆ ಹೋಗುತ್ತದೆ. ತಾಬೋ ಕಾಜಾಕ್ಕಿಂತ 400 ಮೀಟರಿನಷ್ಟು ಕೆಳಗೆ. ನಡುವೆ ನಾಕೋ ಹತ್ತಿರ ಒಂದು ಏರು ಇದೆ ನಿಜ, ಅದು ದಾಟಿದರೆ ಖಾಬ್‌ವರೆಗೆ ಇಳಿತವೇ. ಅಲ್ಲಿ ಸ್ಪಿತಿ ನದಿ ಸತ್ಲಜ್ ಸೇರುತ್ತದೆ.

ಹೋಗುವಾಗಲೂ ಇದೇ ದಾರಿ ಒಳ್ಳೆಯದು. ಶಿಮ್ಲಾ 2,200 ಮೀಟರ್, ನಾರ್ಕಂಡಾ 2,700, ಕಲ್ಪಾ ಇನ್ನೂ ಸ್ವಲ್ಪ ಮೇಲೆ, ಆಮೇಲೆ ತಾಬೋ, ಆಮೇಲೆ ಕಾಜಾ. ಮೆಟ್ಟಿಲು ಮಾಡಿಕೊಟ್ಟ ಹಾಗೆಯೇ ಇದೆ. ಕಲ್ಪಾದಲ್ಲಿ ಎರಡು ರಾತ್ರಿ ಇರಿ, ಎದುರಿಗೇ ಕಿನ್ನರ ಕೈಲಾಸ ಕಾಣುತ್ತದೆ, ಬೇಸರ ಆಗುವುದಿಲ್ಲ. ತಾಬೋದಲ್ಲಿ ಒಂದು ರಾತ್ರಿ ಕಳೆಯಿರಿ. ಅಲ್ಲಿನ ಬೌದ್ಧ ಮಠ ಕಟ್ಟಿದ್ದು 996ರಲ್ಲಿ, ಮಣ್ಣಿನ ಗೋಡೆಯ ಒಳಗೆ ಸಾವಿರ ವರ್ಷದ ಚಿತ್ರಗಳಿವೆ. ಫೋಟೊ ತೆಗೆಯಲು ಬಿಡುವುದಿಲ್ಲ, ಹಾಗಾಗಿ ನಮ್ಮ ಗುಂಪುಗಳು ಅದನ್ನು ಬಿಟ್ಟೇ ಹೋಗುತ್ತವೆ. ಏನು ಹೇಳುವುದು! ಕಾಜಾದಲ್ಲಿ ಎರಡು ರಾತ್ರಿ ಮಲಗಿ, ಕೊಮಿಕ್‌ಗೆ ಹಗಲು ಹೋಗಿ ಬನ್ನಿ. ಮೇಲಿನ ಹಳ್ಳಿಯಲ್ಲಿ ಉಳಿಯಲೇಬೇಕು ಅಂದರೆ ಅದು ಕೊನೆಗೆ ಇರಲಿ, ಎಲ್ಲರೂ ಚೆನ್ನಾಗಿ ಉಂಡು ಮಲಗುತ್ತಿದ್ದಾರೆ ಅನ್ನುವುದು ಖಾತ್ರಿ ಆದ ಮೇಲೆ. ಲೆಕ್ಕದ ಪ್ರಕಾರ ಅದೂ ಸ್ವಲ್ಪ ಜಾಸ್ತಿಯೇ. ವಾಪಸ್ಸು ಬರುವಾಗ ಬೇಕಾದರೆ ಕುಂಜುಮ್ ದಾಟಿ ಮನಾಲಿಗೆ ಬನ್ನಿ. ಪಾಸಿನ ಮೇಲೆ ಕುಂಜುಮ್ ದೇವಿಯ ಗುಡಿಗೆ ಗಾಡಿಗಳೇ ಸುತ್ತು ಹಾಕಿ ಮುಂದೆ ಹೋಗುತ್ತವೆ, ನೋಡಲು ಚೆಂದ.

"ಅಟಲ್ ಟನಲ್ ಆದ ಮೇಲೆ ಎಲ್ಲ ಸುಲಭ" ಅಂತ ಒಬ್ಬರು ಹೇಳಿದರು. 9.02 ಕಿಲೋಮೀಟರಿನ ಆ ಸುರಂಗ 2020ರ ಅಕ್ಟೋಬರಿನಲ್ಲಿ ಶುರುವಾದದ್ದು, ಅದು ಮನಾಲಿಯ ಮೇಲಿನ ರೋಹ್ತಾಂಗ್ ಪಾಸ್ ಹತ್ತುವುದನ್ನು ತಪ್ಪಿಸುತ್ತದೆ. ಕುಂಜುಮ್ ತಪ್ಪಿಸುವುದಿಲ್ಲ. ಕುಂಜುಮ್‌ಗೆ ಹೋಗುವಾಗ ಸಿಗುವ, ಗ್ರಾಂಫೂವಿನಿಂದ ಬಾತಲ್‌ವರೆಗಿನ ರಸ್ತೆ ಇವತ್ತಿಗೂ ಕಲ್ಲು, ನೀರು, ಮತ್ತೆ ಕಲ್ಲು. ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳಲ್ಲಿ ಏರುತ್ತದೆ. ಬೆಳಿಗ್ಗೆ ಗಾಲಿ ಮುಳುಗುವಷ್ಟು ಇದ್ದದ್ದು ಸಂಜೆ ಬಾನೆಟ್ ಮುಟ್ಟುತ್ತದೆ. ಆ ಕಡೆಯಿಂದ ಹೊರಡುವವರು ಬೆಳಕು ಹರಿಯುವ ಮೊದಲೇ ಹೊರಡುವುದು ಇದಕ್ಕೇ.

ಯಾವಾಗ ಹೋಗುವುದು ಎಂಬ ಪ್ರಶ್ನೆಯಲ್ಲಿ ಮಾತ್ರ ನನಗೆ ನಮ್ಮವರ ಮೇಲೆ ಕನಿಕರ ಇದೆ. ಬೋಟಿನವರಿಗೆ ಬಿಡುವು ಸಿಗುವುದು ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ. ಅಡಿಕೆ ತೋಟದವರಿಗೆ ಏಪ್ರಿಲ್, ಮೇ ತಿಂಗಳು. ಮಳೆ ಹಿಡಿದರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಬೇಕು, ಆಗ ಹೊರಡಲು ಆಗುವುದಿಲ್ಲ. ಸ್ಪಿತಿಗೆ ಹೋಗಲು ಎಲ್ಲಕ್ಕಿಂತ ಒಳ್ಳೆಯ ಕಾಲ ಸೆಪ್ಟೆಂಬರ್. ಆಗ ನಮ್ಮಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಏಪ್ರಿಲ್, ಮೇನಲ್ಲಿ ಹೋಗುವ ಶಿರಸಿ, ಸಿದ್ದಾಪುರದವರು ಇಷ್ಟು ತಿಳಿದಿರಲಿ. ಕುಂಜುಮ್ ಹಿಮದಲ್ಲಿ ಮುಚ್ಚಿರುತ್ತದೆ, ತೆರೆಯುವುದು ಮೇ ಕೊನೆಗೋ ಜೂನಿನಲ್ಲೋ. ಮನಾಲಿ ಬುಕಿಂಗ್ ಮಾಡಿ ಅಲ್ಲಿ ಹೋಗಿ ಪೆಚ್ಚಾಗಬೇಡಿ. ಬೋಟಿನವರು ಜೂನ್ ಮೊದಲ ಎರಡು ವಾರದಲ್ಲಿ ಮುಗಿಸಿ ಬನ್ನಿ. ಜುಲೈ ಬೇಡ.

ಜುಲೈ ಯಾಕೆ ಬೇಡ ಅಂತ ಉತ್ತರ ಕನ್ನಡದವರಿಗೆ ನಾನು ವಿವರಿಸಬೇಕಾಗಿಲ್ಲ. 2009ರಲ್ಲಿ ಕಡವಾಡದ ಝರಿವಾಡದಲ್ಲಿ ಮಳೆಗೆ ಗುಡ್ಡ ಕುಸಿದದ್ದು ನೋಡಿದ್ದೇವೆ. 2021ರ ಜುಲೈಯಲ್ಲಿ ಕಳಚೆ. 2024ರ ಜುಲೈ 16ರಂದು ಶಿರೂರು. ಹೆದ್ದಾರಿ ಬದಿಯ ಚಾ ಅಂಗಡಿ, ನಿಂತಿದ್ದ ಲಾರಿ, ಎಲ್ಲವನ್ನೂ ಗುಡ್ಡ ಗಂಗಾವಳಿಗೆ ತಳ್ಳಿತು. ಕಿನ್ನೌರ್ ರಸ್ತೆಯೂ ಗುಡ್ಡ ಕಡಿದು ಮಾಡಿದ್ದೇ. 2021ರ ಜುಲೈ 25ರಂದು ಸಾಂಗ್ಲಾ ಕಣಿವೆಯ ಬಟ್ಸೇರಿಯಲ್ಲಿ ಮೇಲಿನಿಂದ ಉರುಳಿದ ಬಂಡೆಗಳು ಪ್ರವಾಸಿಗರ ಗಾಡಿಗೆ ಬಡಿದು ಒಂಬತ್ತು ಜನ ಹೋದರು. ಆಗಿನ ವಿಡಿಯೊ ನೀವೂ ನೋಡಿರಬಹುದು, ಕಬ್ಬಿಣದ ಸೇತುವೆಯೇ ಮುರಿದು ಬಿತ್ತು. ಅದೇ ಆಗಸ್ಟ್ 11ರಂದು ನಿಗುಲ್‌ಸರಿಯಲ್ಲಿ ಸರ್ಕಾರಿ ಬಸ್ಸಿನ ಮೇಲೇ ಗುಡ್ಡ ಬಿತ್ತು. 2023ರ ಜುಲೈಯಲ್ಲಿ ಚಂದ್ರತಾಲ್ ದಂಡೆಯಲ್ಲಿ ಸುಮಾರು 300 ಜನ ಹಿಮದಲ್ಲಿ ಸಿಕ್ಕಿಬಿದ್ದರು, ಕುಂಜುಮ್ ಮೇಲಿನ ಹಿಮ ತೆಗೆದು ಅವರನ್ನು ಹೊರಗೆ ತಂದರು. ನಮ್ಮ ದೇವಿಮನೆ ಘಟ್ಟದಲ್ಲಿ ಮಳೆಗೆ ಗುಡ್ಡ ಬಿದ್ದರೆ ಯಾಣದ ಕಡೆಯಿಂದಲೋ ಅರಬೈಲ್ ಕಡೆಯಿಂದಲೋ ಸುತ್ತು ಹಾಕಿ ಮನೆ ಸೇರುತ್ತೇವೆ. ಅಲ್ಲಿ ಸುತ್ತು ಹಾಕುವುದು ಅಂದರೆ ಎರಡು ಮೂರು ದಿನ. ವಾಪಸ್ಸಿನ ರೈಲು ಟಿಕೆಟ್ ಬಿಗಿಯಾಗಿ ಮಾಡಿಸಿಕೊಂಡ ಗುಂಪೇ ರಾತ್ರಿ, ಮಳೆಯಲ್ಲಿ, ಬೀಳುವ ಕಲ್ಲಿನ ಕೆಳಗೆ ಗಾಡಿ ಓಡಿಸುವುದು. ಎರಡು ದಿನ ಖಾಲಿ ಬಿಡಿ ಮಾರಾಯ್ರೇ. ಅಂಗಡಿ ಎರಡು ದಿನ ಮುಚ್ಚಿದರೆ ಏನೂ ಆಗುವುದಿಲ್ಲ.

ಇನ್ನು ನನ್ನ ಕಸುಬಿನ ನಾಲ್ಕು ಮಾತು, ಬೇಗ ಮುಗಿಸುತ್ತೇನೆ. ನೀವು ಕೇಳುವ ಆ ಮಾತ್ರೆ, ಅಸೆಟಜೋಲಮೈಡ್, ದೇಹ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಅದನ್ನು ತೆಗೆದುಕೊಂಡವರಿಗೆ ಏನೂ ಆಗುವುದಿಲ್ಲ ಅಂತಲ್ಲ. ಸಲ್ಫಾ ಔಷಧಿ ಆಗದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಅದು ಅಪಾಯ. ಚೀಟಿ ಕೇಳುವುದು ಅದಕ್ಕೆ, ಜಂಬಕ್ಕಲ್ಲ. ಅಂಗೈಯಷ್ಟು ದೊಡ್ಡ ಸ್ಪ್ರೇ ಡಬ್ಬಿಯ ಆಮ್ಲಜನಕ ಕೆಲವು ನಿಮಿಷಕ್ಕೆ ಮುಗಿಯುತ್ತದೆ, ಅದನ್ನು ನಂಬಿ ಮೇಲೆ ಹೋಗಬೇಡಿ. ಕರ್ಪೂರ ಮೂಸಿದರೆ ಮೂಗು ಬಿಟ್ಟ ಹಾಗೆ ಅನಿಸುತ್ತದೆ ಅಷ್ಟೇ, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಒಯ್ಯಿರಿ, ಆದರೆ ಕಾಜಾದಲ್ಲಿ ಅದು 88 ತೋರಿಸಿದರೆ ಗಾಬರಿ ಬೇಡ, ಆ ಎತ್ತರದಲ್ಲಿ ಹಾಗೆ ಇರುತ್ತದೆ. ಅಂಕಿಗಿಂತ ಆಳನ್ನು ನೋಡಿ. ಊಟ ಮಾಡಿದನಾ, ನಗುತ್ತಿದ್ದಾನಾ, ನೇರ ನಡೆಯುತ್ತಾನಾ. ಮೊದಲ ಎರಡು ಮೂರು ರಾತ್ರಿ ಕುಡಿಯಬೇಡಿ, ನಿದ್ದೆ ಮಾತ್ರೆಯಂತೂ ಬೇಡವೇ ಬೇಡ, ಎರಡೂ ರಾತ್ರಿಯ ಉಸಿರಾಟವನ್ನು ನಿಧಾನ ಮಾಡುತ್ತವೆ. ಕಾಜಾ ಮುಟ್ಟಿದ ಖುಷಿಗೆ ಅದೇ ರಾತ್ರಿ ಬಾಟಲಿ ಒಡೆಯುವವರು ನಿಮ್ಮ ಗುಂಪಿನಲ್ಲೂ ಇದ್ದಾರೆ, ಅಲ್ವಾ? ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ರಾತ್ರಿ ಚೀಲದಲ್ಲಿ ಬಿಡದೆ ಹೊದಿಕೆಯ ಒಳಗೆ ಇಟ್ಟುಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಎಸೆಯಬೇಕು.

ಅಕ್ಕಿ ಮೂಟೆ ಕಟ್ಟಿಕೊಂಡು ಹೋಗುವವರಿಗೂ ಒಂದು ಮಾತು. ಕೊಮಿಕ್ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ನಮ್ಮ ಕುಚ್ಚಲಕ್ಕಿ ಅಲ್ಲಿ ಬೇಯುವುದಿಲ್ಲ. ಅದನ್ನು ಬೇಯಿಸುತ್ತ ಕೂತರೆ ಖರ್ಚಾಗುವುದು ಆ ಮನೆಯವರ ಗ್ಯಾಸು. ಚಳಿಗಾಲಕ್ಕೆ ಅಂತ ಅವರು ಕೂಡಿಟ್ಟ ಉರುವಲು. ಅವಲಕ್ಕಿ ಒಯ್ಯಿರಿ, ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಿರಿ, ಉಳಿದದ್ದು ಅವರು ಕೊಟ್ಟದ್ದನ್ನು ಉಣ್ಣಿ.

ನೀರಿನ ವಿಷಯ ಹೇಳಲು ನನಗೆ ಸ್ವಲ್ಪ ಸಂಕೋಚ. ನಾವು ಮಳೆ ಜಿಲ್ಲೆಯವರು. ಅಂಗಳದಲ್ಲಿ ಬಾವಿ, ಬಚ್ಚಲಲ್ಲಿ ಹಂಡೆ, ಬಿಸಿ ಬಿಸಿ ನೀರು ತಲೆಯ ಮೇಲೆ ಸುರಿದುಕೊಂಡೇ ಬೆಳೆದವರು. ಸ್ಪಿತಿ ಶೀತ ಮರುಭೂಮಿ. ಮಳೆ ಇಲ್ಲ ಅನ್ನುವಷ್ಟು ಕಮ್ಮಿ. ಚಳಿಗಾಲದಲ್ಲಿ ಬಿದ್ದ ಹಿಮ ಕರಗಿ ಬಂದ ನೀರನ್ನೇ ಸಣ್ಣ ಕಾಲುವೆಯಲ್ಲಿ ತಂದು ಜವೆಗೋಧಿ, ಹಸಿ ಬಟಾಣಿ ಬೆಳೆಯುತ್ತಾರೆ. ಅದೇ ಅವರ ವರ್ಷದ ಆದಾಯ. ಹಿಮ ಕಮ್ಮಿ ಬಿದ್ದ ವರ್ಷ ಕೊಮಿಕ್‌ನಂಥ ಊರಿನಲ್ಲಿ ಹೊಲಕ್ಕೆ ನೀರೇ ಸಾಲುವುದಿಲ್ಲ. ಅಂಥ ಮನೆಗೆ ಹದಿನಾಲ್ಕು ಜನ ಹೋಗಿ "ಸ್ನಾನಕ್ಕೆ ಎರಡು ಬಕೆಟ್ ಬಿಸಿನೀರು" ಕೇಳಬಾರದು. ಅಲ್ಲಿನ ಒಣ ಕಕ್ಕಸನ್ನು ನೋಡಿ ಮೂಗು ಮುರಿಯಲೂಬಾರದು. ಅದರಲ್ಲಿ ನೀರು ಹಾಕುವುದಿಲ್ಲ, ಮಣ್ಣು ಹಾಕುತ್ತಾರೆ, ವರ್ಷದ ಕೊನೆಗೆ ಅದೇ ಹೊಲಕ್ಕೆ ಗೊಬ್ಬರ. ಪ್ಲಾಸ್ಟಿಕ್ಕು, ಒದ್ದೆ ಟಿಶ್ಯೂ ಒಳಗೆ ಬಿಟ್ಟರೆ ಅವರ ಹೊಲಕ್ಕೇ ಬಿಟ್ಟ ಹಾಗೆ. ರಜೆಯ ಮರುದಿನ ಯಾಣದ ದಾರಿಯಲ್ಲಿ, ಗೋಕರ್ಣದ ದಂಡೆಯಲ್ಲಿ ಹೊರಗಿನವರು ಬಿಟ್ಟು ಹೋದ ಬಾಟಲಿ ನೋಡಿ ಬೈಯುವವರು ನಾವೇ. ಅಲ್ಲಿ ಹೋದಾಗ ಹೊರಗಿನವರು ಅಂದರೆ ನಾವು.

ಲಾಂಗ್ಜಾದಲ್ಲಿ ಮಕ್ಕಳು ಕಲ್ಲು ಮಾರಲು ಬರುತ್ತಾರೆ. ಕಲ್ಲಿನ ಒಳಗೆ ಸುರುಳಿ ಸುರುಳಿ ಶಂಖದಂಥ ಗುರುತು. ಅದು ಹಳೆಯ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಅಲ್ಲಿದ್ದದ್ದು ಟೆಥಿಸ್ ಎಂಬ ಸಮುದ್ರ, ಅದರ ತಳವೇ ಈಗ ನಾಲ್ಕು ಸಾವಿರ ಮೀಟರ್ ಮೇಲೆ ಹೋಗಿ ಕೂತಿದೆ. ಕಡಲ ಮಕ್ಕಳಾದ ನಮಗೆ ಅದನ್ನು ಮುಟ್ಟಿದರೆ ಏನೋ ಆಗುತ್ತದೆ, ಒಪ್ಪುತ್ತೇನೆ. ಮುಟ್ಟಿ ನೋಡಿ. ಕೊಳ್ಳಬೇಡಿ. ಬಂದವರೆಲ್ಲ ಒಂದೊಂದು ಚೀಲಕ್ಕೆ ಹಾಕಿಕೊಂಡರೆ ಗುಡ್ಡದಲ್ಲಿ ಉಳಿಯುವುದೇನು? ಏನಾದರೂ ಕೊಳ್ಳಬೇಕು ಅನಿಸಿದರೆ ಹಿಕ್ಕಿಂನಲ್ಲಿ ಪೋಸ್ಟ್ ಕಾರ್ಡ್ ಕೊಳ್ಳಿ. 1983ರಲ್ಲಿ ಶುರುವಾದ ಅಂಚೆ ಕಚೇರಿ ಅದು. ಊರಿನ ವಿಳಾಸ ಬರೆದು ಹಾಕಿ. ನೀವು ಬಂದ ಎಷ್ಟೋ ದಿನದ ಮೇಲೆ ಅಂಚೆಯಣ್ಣ ತಂದು ಕೊಡುತ್ತಾನೆ.

ಕೊನೆಯದಾಗಿ, ಮುಂದಾಳುಗಳಿಗಲ್ಲ, ಸೀಟು ಹಿಡಿಯುವ ಉಳಿದವರಿಗೆ ಎರಡು ಮಾತು. ಮುಂದಾಳು ಈ ಪತ್ರವನ್ನು ಓದದೇ ಇರಬಹುದು. ಓದಿದರೂ "ಇವನಿಗೇನು ಗೊತ್ತು" ಅನ್ನಬಹುದು. ನೀವು ಅಡ್ವಾನ್ಸ್ ಕಳಿಸುವ ಮೊದಲು ಅವರಿಗೆ ಫೋನ್ ಮಾಡಿ. ಕಾಜಾ ಮುಟ್ಟುವ ಮೊದಲು ಎಷ್ಟು ರಾತ್ರಿ, ಎಲ್ಲೆಲ್ಲಿ ಮಲಗುತ್ತೇವೆ ಅಂತ ಕೇಳಿ. ನಡುರಾತ್ರಿ ನನಗೆ ಹುಷಾರು ತಪ್ಪಿದರೆ ನನ್ನನ್ನು ಯಾವ ಗಾಡಿ ಇಳಿಸುತ್ತದೆ, ಜೊತೆಗೆ ಯಾರು ಬರುತ್ತಾರೆ, ಆ ಖರ್ಚು ಯಾರದ್ದು ಅಂತ ಕೇಳಿ. ಹೆಂಗಸರು ಗುಂಪಿನಲ್ಲಿದ್ದರೆ, ನಡುವೆ ಗಾಡಿ ನಿಲ್ಲಿಸಿ ಅನ್ನಲು ನಾಚಿಕೆಪಟ್ಟು ದಿನವಿಡೀ ನೀರು ಕುಡಿಯದೆ ಕೂರುತ್ತಾರೆ, ಅದಕ್ಕೆ ಏನು ವ್ಯವಸ್ಥೆ ಅಂತಲೂ ಕೇಳಿ. ಇಷ್ಟಕ್ಕೂ ಸರಿಯಾದ ಉತ್ತರ ಬಂದರೆ ಧಾರಾಳವಾಗಿ ಹೋಗಿ ಬನ್ನಿ. "ಅದೆಲ್ಲ ಅಲ್ಲಿ ಹೋಗಿ ನೋಡುವಾ" ಅಂದರೆ ಅಡ್ವಾನ್ಸ್ ಕಳಿಸಬೇಡಿ. ಕಳಿಸಿ ಆಗಿದ್ದರೆ ವಾಪಸ್ಸು ಕೇಳಿ.

ಇಂತಿ ನಿಮ್ಮವ,
ಕುಮಟಾದ ಒಬ್ಬ ಮೆಡಿಕಲ್ ಶಾಪಿನವ